ಬಾಟಲಿ ಖಾಲಿಯಾಗುವ ತನಕ

ಮಾರ್ಚ್ 3, ಸೋಮವಾರ

ಇಂದಿನಿಂದ ನನಗೆ ರಜೆ, ಹೆಂಡತಿಗೆ ಕೆಲಸ. ಅವಳು ರೈಲು ಓಡಿಸುತ್ತಾಳೆ. ಹೆರಿಗೆ ರಜೆ ಮುಗಿದಿದೆ. ಮೊದಲು ಎರಡು ವಾರ ಹಗಲಿನ ತರಬೇತಿ. ಅದು ಮನೆಗೆ ಹತ್ತಿರ, ಮಧ್ಯಾಹ್ನ ಬಂದು ಮಗುವಿಗೆ ಹಾಲು ಕೊಟ್ಟು ಹೋಗಬಹುದು. ಆಮೇಲೆ ಹದಿನೇಳರಿಂದ ದೂರದ ಗಾಡಿ, ಇವತ್ತು ಹೊರಟರೆ ನಾಳೆ ಸಂಜೆಗೆ ಮನೆ. ಈ ಗಾಡಿ ಸಿಗಲೆಂದು ಅವಳು ವರ್ಷಗಟ್ಟಲೆ ಗೂಡ್ಸ್ ಗಾಡಿಯಲ್ಲಿ ಕಲ್ಲಿದ್ದಲು, ಸಿಮೆಂಟು ಎಳೆದಿದ್ದಾಳೆ. ಹಿಂಡಿಟ್ಟ ಎದೆಹಾಲು ಅಷ್ಟು ಹೊತ್ತಿಗೆ ಸಾಲುವುದಿಲ್ಲ. ಆದ್ದರಿಂದ ಹದಿನೇಳರೊಳಗೆ ನಮ್ಮ ಐದು ತಿಂಗಳ ಪುಟ್ಟಿ ಬಾಟಲಿಯಲ್ಲಿ ಪುಡಿಹಾಲು ಕುಡಿಯಲು ಕಲಿಯಬೇಕು. ಕಲಿಯದಿದ್ದರೆ ಗಾಡಿ ಬೇರೆಯವರ ಪಾಲು.

ಸಹಾಯಕ್ಕೆ ಹೆಂಡತಿಯ ತಾಯಿ ಬಂದಿದ್ದಾರೆ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾಗಿದ್ದು ನಿವೃತ್ತರಾದವರು. ದಿನಾ ಎಂಟುನೂರು ಜನರಿಗೆ ಬಡಿಸಿದ ಕೈ. ನಾನು ಟೀ ಕಂಪನಿಯಲ್ಲಿ ರುಚಿ ನೋಡುವವನು. ಬೆಳಗಿನಿಂದ ಸಂಜೆಯವರೆಗೆ ಸಾಲುಸಾಲು ಟೀ ಬಾಯಿಗೆಳೆದು ಉಗುಳುತ್ತೇನೆ. ನಾಲಿಗೆ ನನ್ನ ಹೊಟ್ಟೆಪಾಡು. ಅದನ್ನು ಮಾತಿಗೆ ಸವೆಸಿದವನಲ್ಲ. ಮದುವೆಯಾಗಿ ಆರು ವರ್ಷಗಳಲ್ಲಿ ನಾನೂ ಅವರೂ ನೇರವಾಗಿ ಆಡಿದ ಮಾತುಗಳು ‘ಬಂದ್ರಾ’, ‘ಬಂದೆ’, ‘ಹೊರಟ್ರಾ’, ‘ಹೊರಟೆ’. ಮನಸ್ತಾಪವೇನಿಲ್ಲ. ಅಗತ್ಯ ಬಿದ್ದಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಮಗುವನ್ನೆತ್ತಿಕೊಂಡು ಕ್ಲಿನಿಕ್ಕಿಗೆ ಹೋಗಿ ನರ್ಸಮ್ಮನಿಂದ ಪಾಠ ಹೇಳಿಸಿಕೊಂಡು ಬಂದೆವು. ಕೈ ತೊಳೆಯಬೇಕು. ಬಾಟಲಿ, ನಿಪ್ಪಲ್ ಕುದಿಸಬೇಕು. ನೀರು ಕುದಿಸಿ ಸ್ವಲ್ಪವೇ ಆರಲು ಬಿಡಬೇಕು, ಪುಡಿ ಹಾಕುವಾಗ ಇನ್ನೂ ಚೆನ್ನಾಗಿ ಬಿಸಿ ಇರಬೇಕು. ಏಕೆಂದರೆ ಪುಡಿಯಲ್ಲೇ ಕ್ರಿಮಿ ಇರಬಹುದು. ಮೊದಲು ನೀರು, ಆಮೇಲೆ ಪುಡಿ. ಚಮಚ ಮಟ್ಟವಾಗಿರಬೇಕು. ಮುಚ್ಚಿ ಕುಲುಕಿ, ನಲ್ಲಿಯ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಒಳಬದಿಗೆ ಎರಡು ಹನಿ ಹಾಕಿ ನೋಡಬೇಕು.

“ಮೈಕ್ರೋವೇವ್‌ನಲ್ಲಿ ಮಾತ್ರ ಇಡ್ಬೇಡಿ ಸಾರ್. ಬಾಟಲಿ ಮುಟ್ಟಿದ್ರೆ ತಣ್ಣಗಿರತ್ತೆ, ಒಳಗೆ ಹಾಲು ಕೆಂಡ ಆಗಿರತ್ತೆ. ಕುಡಿದು ಉಳಿದಿದ್ದನ್ನ ಮತ್ತೆ ಬಿಸಿ ಮಾಡಿ ಮಗುಗೆ ಕೊಡ್ಬೇಡಿ. ಚೆಲ್ಲಿಬಿಡಿ” ಎಂದರು ನರ್ಸಮ್ಮ.

‘ಚೆಲ್ಲಿಬಿಡಿ’ ಎಂಬ ಮಾತಿಗೆ ಹೆಂಡತಿಯ ತಾಯಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಪುಟ್ಟಿಯ ಕಿವಿಯ ಹತ್ತಿರ ಬಾಗಿ, ನನಗೆ ಕೇಳುವಷ್ಟು ಗಟ್ಟಿಯಾಗಿ, “ನಿಮ್ಮಪ್ಪ ನೋಡು, ಪರೀಕ್ಷೆಗೆ ಕೂತ ಹಾಗೆ ಕೂತಿದ್ದಾರೆ” ಎಂದರು.

ಮಾರ್ಚ್ 4, ಮಂಗಳವಾರ

ಮೊದಲ ಬಾಟಲಿ ನನ್ನದು. ಎಲ್ಲವನ್ನೂ ಹೇಳಿದ ಹಾಗೆಯೇ ಮಾಡಿದೆ. ಮಗುವಿಗೆ ಕೊಡುವ ಮುನ್ನ ಅದು ಏನೆಂದು ತಿಳಿಯಬೇಡವೇ ಎಂದು ಆಫೀಸಿನ ಚಮಚದಿಂದ ಸ್ವಲ್ಪ ತೆಗೆದು ಸೊರ್ರೆಂದು ಎಳೆದೆ. ಬಾಯ್ತುಂಬ ಹಿಟ್ಟು. ನಡುವೆ ಸಪ್ಪೆ ಸಿಹಿ. ಕೊನೆಯಲ್ಲಿ ತಗಡು. ಸಿಂಕಿಗೆ ಉಗುಳಿ, ತಗಡಿನ ವಿಷಯ ಖಚಿತಪಡಿಸಿಕೊಳ್ಳಲು ಚಮಚವನ್ನು ಮತ್ತೆ ಅದ್ದಿದೆ.

“ಪುಟ್ಟೀ, ನಿಮ್ಮಪ್ಪಂಗೆ ಹೇಳು, ಎಂಜಲು ಚಮಚ ಹಾಲಿಗೆ ಅದ್ದಿದ್ರು ಅಂತ.”

ಇಪ್ಪತ್ತು ವರ್ಷದ ಅಭ್ಯಾಸ. ಚೆಲ್ಲಿದೆ.

ಎರಡನೆಯ ಬಾಟಲಿ ಅವರದು. ಚಮಚದಲ್ಲಿ ಪುಡಿ ಗೋಪುರದಂತೆ ಎದ್ದಿತ್ತು.

“ಪುಟ್ಟೀ, ಅಜ್ಜಿಗೆ ಹೇಳು, ಚಮಚ ಮಟ್ಟವಾಗಿರ್ಬೇಕು.”

“ಪುಟ್ಟೀ, ಅಪ್ಪಂಗೆ ಹೇಳು, ಅಜ್ಜಿ ಜೀವಮಾನದಲ್ಲಿ ಕೈ ಬಿಗಿ ಹಿಡಿದು ಬಡಿಸಿಲ್ಲ.”

“ಪುಡಿ ಜಾಸ್ತಿ ಆದ್ರೆ ಮಗು ಹೊಟ್ಟೆಗೆ, ಕಿಡ್ನಿಗೆ ಭಾರ ಅಂತ ನರ್ಸಮ್ಮ ಹೇಳಿದ್ದು ಅಜ್ಜಿಗೆ ನೆನಪಿದ್ಯಾ ಕೇಳು ಪುಟ್ಟೀ.”

ಅಜ್ಜಿಗೆ ನೆನಪಿತ್ತು. ಅದನ್ನೂ ಚೆಲ್ಲಿದ್ದಾಯಿತು.

ಮೂರನೆಯದು ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ಪುಟ್ಟಿ ಒಂದು ಹನಿ ಬಾಯಲ್ಲಿಟ್ಟುಕೊಂಡು, ಯೋಚಿಸಿ, ನಾಲಿಗೆಯಿಂದ ಹೊರಗೆ ತಳ್ಳಿದಳು. ಅವಳ ಬಗ್ಗೆ ನನಗೆ ಸ್ವಲ್ಪ ಗೌರವ ಮೂಡಿತೆಂದು ಬರೆಯಲೇಬೇಕು. ಮಧ್ಯಾಹ್ನ ತಾಯಿ ಬರುವವರೆಗೆ ಹಿಂಡಿಟ್ಟ ಎದೆಹಾಲನ್ನು ಚಮಚದಲ್ಲಿ ನಾಲ್ಕು ಗುಟುಕು ಕುಡಿಸಿ ಕಾಲ ತಳ್ಳಿದೆವು.

ಮಾರ್ಚ್ 6, ಗುರುವಾರ

ಬಿಸಿಯ ವಿಷಯ.

ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು, ಮಣಿಕಟ್ಟಿಗೆ ಬಿಟ್ಟುಕೊಂಡು, ಹದವಾಗಿದೆ ಎಂದು ಮೇಜಿನ ಮೇಲಿಡುತ್ತೇನೆ. ಪುಟ್ಟಿಯ ಕತ್ತಿಗೆ ಬಟ್ಟೆ ಕಟ್ಟಿ ಬರುವಷ್ಟರಲ್ಲಿ ಹೆಂಡತಿಯ ತಾಯಿ ಅದನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಾರೆ. ಕುದಿವ ಪಾತ್ರೆಗಳನ್ನು ಬರಿಗೈಯಲ್ಲಿ ಇಳಿಸಿದವರು. ಅವರ ಕೈಗೆ ಬಿಸಿ ಎನ್ನುವುದು ಹತ್ತುವುದೇ ಇಲ್ಲ. ನಾನು ಮತ್ತೆ ಹನಿ ಹಾಕಿಕೊಂಡರೆ ಸುಡುತ್ತದೆ. ಮತ್ತೆ ನಲ್ಲಿ. ಅವರು ಬಂದು ಮುಟ್ಟಿ ನೋಡಿ, ಮತ್ತೆ ಬಟ್ಟಲು. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗುತ್ತಿದ್ದುದರಿಂದ ಇದು ಎರಡು ದಿನ ಗೊತ್ತಾಗಲೇ ಇಲ್ಲ. ನಮ್ಮ ಮನೆಯ ನೀರಿನ ವಿಶೇಷ ಎಂದುಕೊಂಡಿದ್ದೆ.

ಇವತ್ತು ನಲ್ಲಿಯ ಹತ್ತಿರವೇ ಎದುರಾದೆವು.

“ಪುಟ್ಟೀ, ಅಪ್ಪ ಬಾಟಲಿಗೆ ಜ್ವರ ನೋಡ್ತಿದ್ದಾರೆ.”

“ಪುಟ್ಟೀ, ಅಜ್ಜಿ ಹಾಲನ್ನ ಬೇಯಿಸ್ತಿದ್ದಾರೆ.”

ಪುಟ್ಟಿ ಆಗ ಬೇರೆ ಕೋಣೆಯಲ್ಲಿ ಮಲಗಿದ್ದಳು.

ಕೊನೆಗೆ ಎರಡು ಮಣಿಕಟ್ಟುಗಳೂ ಒಪ್ಪಬೇಕೆಂದು ತೀರ್ಮಾನವಾಯಿತು. ಅವರೂ ಬೆರಳು ಬಿಟ್ಟು ಮಣಿಕಟ್ಟಿನಲ್ಲೇ ನೋಡತಕ್ಕದ್ದು. ಒಪ್ಪಿಗೆಯಾಗುವಷ್ಟರಲ್ಲಿ ಆ ಬಾಟಲಿ ಮಾಡಿ ಬಹಳ ಹೊತ್ತಾಗಿ ಹೋಗಿತ್ತು. ಚೆಲ್ಲಿದೆವು. ಹೊಸದು ಮಾಡಿದೆವು. ಪುಟ್ಟಿ ನಿಪ್ಪಲನ್ನು ಒಸಡಿನಲ್ಲಿ ಕಚ್ಚಿ ಆಟವಾಡಿ ಮುಖ ತಿರುಗಿಸಿದಳು. ಅದನ್ನೂ ಚೆಲ್ಲಿದೆವು.

ಮಾರ್ಚ್ 7, ಶುಕ್ರವಾರ

ಸಂಜೆ ಹೆಂಡತಿ ಅಡುಗೆಮನೆಗೆ ಹೋಗಿ, ಡಬ್ಬವನ್ನು ಎತ್ತಿ ಅಲ್ಲಾಡಿಸಿದಳು.

“ಡಬ್ಬ ಆಗ್ಲೇ ಮುಗೀತಾ? ಇಷ್ಟು ಕುಡೀತಾಳಾ? ಭೇಷ್ ನನ್ನ ಮಗಳೇ!” ಎಂದು ಪುಟ್ಟಿಯನ್ನು ಎತ್ತಿ ಮುದ್ದಿಸಿದಳು. ಆಮೇಲೆ ಸೋಫಾದ ಮೇಲೆ ಕುಳಿತು ಸ್ವಲ್ಪ ಅತ್ತಳು. ನಾಲ್ಕು ದಿನದಿಂದ ತರಬೇತಿಯಲ್ಲಿ ಇದೊಂದೇ ಯೋಚನೆಯಂತೆ. ಇನ್ನು ನಿಶ್ಚಿಂತೆಯಂತೆ. “ನೀವಿಬ್ರೂ ಇದ್ದೀರಲ್ಲ, ನಂಗೇನು ಭಯ.”

ನಾನು ಹೆಂಡತಿಯ ತಾಯಿಯ ಕಡೆ ನೋಡಿದೆ. ಅವರು ಗೋಡೆಯ ಗಡಿಯಾರದ ಕಡೆ ನೋಡಿದರು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮಿಬ್ಬರ ಅಭಿಪ್ರಾಯ ಒಂದಾಯಿತು.

ಈಗ ನಿಜ ಹೇಳುವುದು ಬೇಡ.

ಮಾರ್ಚ್ 8, ಶನಿವಾರ

ಹೊಸ ಡಬ್ಬ ತಂದೆ. ಅಂಗಡಿಯವನು, “ಮಗು ಚೆನ್ನಾಗಿ ಕುಡೀತಿದೆ ಅನ್ನಿ” ಎಂದ. ಹೌದೆಂದೆ. ಸುಳ್ಳು ಒಂದು ಸಲ ಶುರುವಾದರೆ ಅಂಗಡಿಯವರೆಗೂ ನಡೆದು ಹೋಗುತ್ತದೆ.

ಮಾರ್ಚ್ 10, ಸೋಮವಾರ

ನನ್ನ ನಾಲಿಗೆ ಕೆಟ್ಟಿದೆ.

ಅತ್ತೆಯವರು ಮಧ್ಯಾಹ್ನ ಕೊಟ್ಟ ಟೀಯಲ್ಲಿ ಏನೋ ಒಂದು ಮಂದ, ಎಲೆಗೆ ಸಂಬಂಧವಿಲ್ಲದ್ದು. ಎಲೆ ನಾನೇ ಆಫೀಸಿನಿಂದ ತಂದದ್ದು, ಅದರ ಗುಣ ಗೊತ್ತು. ಶನಿವಾರವೂ ಹೀಗೇ ಅನಿಸಿತ್ತು, ನೆಗಡಿ ಇರಬೇಕೆಂದುಕೊಂಡಿದ್ದೆ. ನೆಗಡಿ ಇಲ್ಲ.

ಮಾರ್ಚ್ 11, ಮಂಗಳವಾರ

ಇವತ್ತೂ ಅದೇ. ಬೆಳಿಗ್ಗೆ ಉಪ್ಪು, ಸಕ್ಕರೆ, ಕಾಫಿಪುಡಿ, ನಿಂಬೆ ಒಂದೊಂದಾಗಿ ನಾಲಿಗೆಯ ಮೇಲಿಟ್ಟುಕೊಂಡು ಪರೀಕ್ಷಿಸಿದೆ. ಎಲ್ಲ ಸರಿಯಾಗಿವೆ. ಟೀ ಮಾತ್ರ ತಪ್ಪು. ರುಚಿ ನೋಡುವವನಿಗೆ ಟೀ ಮಾತ್ರ ತಪ್ಪಾದರೆ ಹಾಡುವವನಿಗೆ ಗಂಟಲು ಮಾತ್ರ ಹೋದ ಹಾಗೆ. ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದಾರೆ? ಹೆಂಡತಿಗೆ ಈಗ ತೊಂದರೆ ಕೊಡುವಂತಿಲ್ಲ. ಅತ್ತೆಯವರ ಜೊತೆ ಮಾತಿಲ್ಲ. ಪುಟ್ಟಿಗೆ ಹೇಳಿದರೆ ಅತ್ತೆಯವರಿಗೆ ಕೇಳಿಸುತ್ತದೆ.

ಪುಟ್ಟಿ ಇವತ್ತು ಬಾಟಲಿಯನ್ನು ನೋಡಿದೊಡನೆ ಅತ್ತಳು. ಇನ್ನು ಆರು ದಿನ.

ಮಾರ್ಚ್ 12, ಬುಧವಾರ

ಇಂದು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ, ಹೆಂಡತಿ ಬಂದು ಹೋದ ಮೇಲೆ. ಅತ್ತೆಯವರು ಕಿಟಕಿಯ ಹತ್ತಿರ ಕುಳಿತಿದ್ದರು. ತೊಡೆಯ ಮೇಲೆ ಪುಟ್ಟಿ, ಕೈಯಲ್ಲಿ ಆಗತಾನೆ ಮಾಡಿದ, ಎರಡು ಮಣಿಕಟ್ಟುಗಳೂ ಒಪ್ಪಿದ ಬಾಟಲಿ. ಪುಟ್ಟಿಯ ತುಟಿಗಳು ಎಂದಿನಂತೆ ಬಿಗಿಯಾಗಿದ್ದವು. ಅವರು ಮೊದಲೇ ಮಾಡಿಟ್ಟಿದ್ದ ಟೀ ತಂದುಕೊಂಡು ನಾನು ಎದುರಿಗೆ ಕೂತೆ. ನಾಲಿಗೆ ಪೂರ್ತಿ ಹೋಯಿತೋ ಇನ್ನೂ ಉಳಿದಿದೆಯೋ ಎಂದು ಇಂದು ತೀರ್ಮಾನವಾಗಲಿ ಎಂದು, ಆಫೀಸಿನಲ್ಲಿ ಮಾಡುವಂತೆ ಸೊರ್ರೆಂದು ಎಳೆದು ಕಣ್ಣು ಮುಚ್ಚಿದೆ. ಬಾಯ್ತುಂಬ ಹಿಟ್ಟು. ನಡುವೆ ಸಪ್ಪೆ ಸಿಹಿ. ಕೊನೆಯಲ್ಲಿ ತಗಡು.

ಈ ಸಾಲನ್ನು ನಾನು ಎಲ್ಲಿಯೋ ಬರೆದಿದ್ದೆ.

“ಅತ್ತೆ,” ಎಂದೆ. “ಈ ಟೀಗೆ ಪುಟ್ಟಿ ಹಾಲು ಹಾಕಿದ್ದೀರಿ.”

ಅವರು ನನ್ನ ಮುಖ ನೋಡಿದರು. ಪುಟ್ಟಿಯ ಮುಖವನ್ನಲ್ಲ, ನನ್ನದನ್ನೇ.

“ಹೌದು, ಹಾಕಿದ್ದೀನಿ. ಏನೀಗ?”

“ಶನಿವಾರದಿಂದ?”

“ಶನಿವಾರದಿಂದ.”

“ನನ್ನ ನಾಲಿಗೆ ಹೋಯ್ತು ಅಂತ ಮೂರು ದಿನದಿಂದ ನಾನು ಊಟ ನಿದ್ದೆ ಬಿಟ್ಟಿದ್ದೀನಿ. ಇನ್ನೇನು ಕೆಲಸ ಬಿಡಬೇಕು ಅಂತಿದ್ದೆ.”

“ಊಟ ಬಿಟ್ಟಿದ್ದೇನೂ ನಾನು ಕಾಣ್ಲಿಲ್ಲ. ಎಂಟುನೂರು ಜನಕ್ಕೆ ಬಡಿಸಿದ ಕೈ ಇದು. ಒಂದು ಅಗಳು ಚೆಲ್ಲಿದೋಳಲ್ಲ. ಈ ಮನೆಗೆ ಬಂದಾಗಿನಿಂದ ದಿನಾ ಹಾಲು ಮೋರಿಗೆ ಸುರೀತಿದ್ದೀನಿ. ನನ್ನ ಹೊಟ್ಟೆ ಉರಿಯಲ್ವಾ?”

“ನರ್ಸಮ್ಮ ಏನು ಹೇಳಿದ್ರು? ಉಳಿದಿದ್ದನ್ನ ಮತ್ತೆ ಬಿಸಿ ಮಾಡಿ ಕೊಡ್ಬೇಡಿ ಅಂತ ತಾನೆ?”

“ಮಗುಗೆ ಕೊಡ್ಬೇಡಿ ಅಂದ್ರು. ಅಳಿಯಂಗೆ ಕೊಡ್ಬೇಡಿ ಅಂದ್ರಾ?”

ಲೋಟ ಕೆಳಗಿಟ್ಟೆ. ನಾನೂ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ, ಗಟ್ಟಿಯಾಗಿ ಹೇಳಿದೆ. ಅವರೂ ಹೇಳಿದರು. ಮದುವೆಯ ದಿನ ತಾವೇ ನಿಂತು ಮಾಡಿಸಿದ ಅಡುಗೆಯನ್ನು ನಾನು ಮೂಸಿ ನೋಡಿ ತಿಂದೆನಂತೆ. ಅಭ್ಯಾಸ ಎಂದೆ. ಅಭ್ಯಾಸವಲ್ಲ, ಅಹಂಕಾರ ಎಂದರು. ಆಗ ಇಬ್ಬರಿಗೂ ಒಂದು ಸದ್ದು ಕೇಳಿಸಿತು. ಗುಳುಕ್, ಗುಳುಕ್.

ಪುಟ್ಟಿ ಕುಡಿಯುತ್ತಿದ್ದಳು. ಕಣ್ಣುಗಳು ಅವರ ಬಾಯಿಂದ ನನ್ನ ಬಾಯಿಗೆ, ನನ್ನ ಬಾಯಿಂದ ಅವರ ಬಾಯಿಗೆ ಓಡಾಡುತ್ತಿದ್ದವು. ಕಾಲು ಬಾಟಲಿ ಮುಗಿದಿತ್ತು.

ನಾವು ಉಸಿರು ಹಿಡಿದು ಸುಮ್ಮನಾದೆವು. ಪುಟ್ಟಿ ಸ್ವಲ್ಪ ಕಾದು ನೋಡಿದಳು. ನಿಪ್ಪಲ್ ಬಿಟ್ಟಳು. ಅತ್ತಳು.

“ಏನಾದ್ರೂ ಅನ್ನಿ,” ಎಂದರು ಅತ್ತೆಯವರು ಹಲ್ಲು ಕಚ್ಚಿ. “ಬೇಗ ಅನ್ನಿ.”

“ನೀವು ಟಿವಿ ಬಹಳ ಜೋರಾಗಿ ಇಡ್ತೀರಿ.”

“ನೀವು ಒದ್ದೆ ಟವಲ್ ಕುರ್ಚಿ ಮೇಲೆ ಹಾಕ್ತೀರಿ. ಎಂಥಾ ಗಂಡಸು!”

ಗುಳುಕ್.

ಅರ್ಧ ಬಾಟಲಿ ಕುಡಿದಳು.

ಮಾರ್ಚ್ 13, ಗುರುವಾರ

ಪ್ರಯೋಗಗಳು. ಸುಳ್ಳು ಜಗಳ ನಡೆಯುವುದಿಲ್ಲ. ದಿನಪತ್ರಿಕೆಯ ಹವಾಮಾನ ವರದಿಯನ್ನು ನಾನು ಕೋಪದ ದನಿಯಲ್ಲಿ ಓದಿದೆ. ಅತ್ತೆಯವರು ನಡುನಡುವೆ “ಸಾಕು ನಿಲ್ಲಿಸ್ರೀ” ಎಂದರು. ಪುಟ್ಟಿ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿ ಹಾಲನ್ನು ನನ್ನ ಅಂಗಿಯ ಮೇಲೆ ಉಗುಳಿದಳು. ರೇಡಿಯೋದ ಜಗಳವೂ ನಡೆಯುವುದಿಲ್ಲ. ನಿಜವಾದ ಮಾತೇ ಆಗಬೇಕು, ಆಡುವವರಿಗೆ ಸ್ವಲ್ಪವಾದರೂ ತಾಗಬೇಕು.

ಅತ್ತೆಯವರ ಬಳಿ ಆರು ವರ್ಷದ ದಾಸ್ತಾನಿದೆ. ನನ್ನದು ಅಷ್ಟಿಲ್ಲ ಎಂದುಕೊಂಡಿದ್ದೆ. ಬಾಯಿ ಬಿಟ್ಟ ಮೇಲೆ ನೋಡಿದರೆ ನನ್ನಲ್ಲೂ ಸಾಕಷ್ಟಿತ್ತು.

ಬೆಳಗಿನ ಬಾಟಲಿ: ನಾನು ಅವರ ಮನೆಗೆ ಹೋದಾಗಲೆಲ್ಲ ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುವುದು. ಮುಕ್ಕಾಲು ಭಾಗ ಕುಡಿದಳು.

ಸಂಜೆಯ ಬಾಟಲಿ: ಅವರು ನಮ್ಮ ಮನೆಗೆ ಬಂದಾಗಲೆಲ್ಲ ಡಬ್ಬಗಳ ಜಾಗ ಬದಲಾಯಿಸುವುದು. ಅರ್ಧ. ಈ ವಿಷಯದಲ್ಲಿ ಅವರು ಬೇಗ ತಪ್ಪೊಪ್ಪಿಕೊಂಡುಬಿಟ್ಟರು.

“ಒಪ್ಕೋಬೇಡಿ ಅತ್ತೆ, ಇನ್ನೂ ಅರ್ಧ ಇದೆ” ಎಂದೆ. ತಡವಾಗಿತ್ತು.

ಮಾರ್ಚ್ 14, ಶುಕ್ರವಾರ

ಬಾಟಲಿ ತಯಾರಿಕೆ ಈಗ ಸಲೀಸು. ಅತ್ತೆ ಚಮಚದ ಮೇಲೆ ಚಾಕುವಿನ ಬೆನ್ನೆಳೆದು ಮಟ್ಟ ಮಾಡುತ್ತಾರೆ, ಯಾರೂ ಹೇಳುವುದು ಬೇಡ. ನಾನು ರುಚಿ ನೋಡುವುದಿಲ್ಲ. ನೀರು ಕುದಿಯುವಾಗ ಮುಂದಿನ ಜಗಳದ ವಿಷಯ ಮಾತಾಡಿಕೊಳ್ಳುತ್ತೇವೆ, ಆದರೆ ಪೂರ್ತಿ ಮಾತಾಡುವುದಿಲ್ಲ. ಬಿಸಿ ಹೋಗುತ್ತದೆ.

“ನಮ್ಮೆಜಮಾನ್ರು ಹೋದಾಗ ನೀವು ಒಂದು ಮಾತೂ ಆಡ್ಲಿಲ್ಲ. ಅದನ್ನ ಮಧ್ಯಾಹ್ನಕ್ಕೆ ಇಟ್ಕೊಳ್ಳೋಣ” ಎಂದರು ಅತ್ತೆ, ನಿಪ್ಪಲುಗಳನ್ನು ಇಕ್ಕಳದಲ್ಲಿ ಎತ್ತುತ್ತಾ.

ಮಧ್ಯಾಹ್ನ ಅದೇ ವಿಷಯ. ಏನು ಮಾತಾಡಬೇಕೆಂದು ಗೊತ್ತಾಗಲಿಲ್ಲ ಎಂದೆ. “ಗೊತ್ತಾಗ್ಲಿಲ್ಲ ಅಂತಾನೇ ಹೇಳ್ಬಹುದಿತ್ತಲ್ಲ. ಹದಿನೈದು ದಿನ ಈ ಮನೇಲಿ ಕೂತಿದ್ದೆ ನಾನು” ಎಂದರು. ಹೇಳಬಹುದಿತ್ತು. ಆಗ ನಾನು ದಿನಾ ಬೆಳಿಗ್ಗೆ ಅವರ ಕೋಣೆಯ ಬಾಗಿಲಿಗೆ ಟೀ ತಂದಿಟ್ಟು ಹೋಗುತ್ತಿದ್ದೆ ಎಂದೆ. ಅದು ಮಗಳು ಇಡುತ್ತಿದ್ದದ್ದು ಎಂದುಕೊಂಡಿದ್ದರಂತೆ. ಅಲ್ಲ, ನಾನೇ, ಆ ತಿಂಗಳ ಒಳ್ಳೆಯ ಎಲೆ, ಎಂದೆ.

ಇದು ಜಗಳವಾಗಲೇ ಇಲ್ಲ. ಪುಟ್ಟಿ ಎರಡು ಗುಟುಕಿಗೆ ಬಿಟ್ಟುಬಿಟ್ಟಳು.

ಮಾರ್ಚ್ 15, ಶನಿವಾರ

ಅನಾಹುತ.

ತರಬೇತಿ ಬೇಗ ಮುಗಿದು ಹೆಂಡತಿ ಹೇಳದೆ ಕೇಳದೆ ಬಂದಿದ್ದಾಳೆ. ಮೆಟ್ಟಿಲ ಮೇಲೆಯೇ ನಮ್ಮ ದನಿ ಕೇಳಿದೆ. ಅವಳಿಗೆ ನಿಜ ಹೇಳಬೇಕೋ ಬೇಡವೋ ಎಂಬುದೇ ಆ ಹೊತ್ತಿನ ಬಾಟಲಿಯ ವಿಷಯ. ಹೇಳಲೇಬೇಕೆಂದು ನಾನು, ಸೋಮವಾರ ಗಾಡಿ ಹತ್ತಲಿ ಆಮೇಲೆ ನೋಡೋಣ ಎಂದು ಅತ್ತೆ. ಬಾಗಿಲು ತೆರೆದಾಗ ಅತ್ತೆ, “ನಿಮ್ಮಂಥವ್ರಿಗೆ ಮಗಳನ್ನ ಕೊಟ್ಟೆನಲ್ಲ, ನನಗೆ ಬುದ್ಧಿ ಎಲ್ಲಿತ್ತು” ಎನ್ನುತ್ತಿದ್ದರು. ಚೆನ್ನಾಗಿ ನಡೆಯುತ್ತಿತ್ತು, ಮುಕ್ಕಾಲು ಬಾಟಲಿ ಇಳಿದಿತ್ತು.

ಹೆಂಡತಿ ಚೀಲ ಕೆಳಗಿಟ್ಟಳು. ನಾವು ಸುಮ್ಮನಾದೆವು. ಪುಟ್ಟಿ ನಿಪ್ಪಲ್ ಬಿಟ್ಟು ಕಿರುಚಿದಳು.

“ಎಷ್ಟು ದಿನದಿಂದ ಹೀಗೆ?”

“ಬುಧವಾರದಿಂದ” ಎಂದೆ. ಅವಳು ಕೇಳಿದ್ದು ಹಾಲಿನ ಬಗ್ಗೆಯಲ್ಲ, ಜಗಳದ ಬಗ್ಗೆ ಎಂದು ಆಮೇಲೆ ಹೊಳೆಯಿತು.

“ನೀವಿಬ್ರೂ ಮಾತಾಡ್ದೇ ಇದ್ದಿದ್ದೇ ಎಷ್ಟೋ ಚೆನ್ನಾಗಿತ್ತು. ಇಂಥಾ ಮನೇಲಿ ಮಗು ಬಿಟ್ಟು ನಾನು ಹೇಗೆ ಹೋಗ್ಲಿ? ಸೋಮವಾರ ಬರಲ್ಲ ಅಂತ ಇವತ್ತೇ ಹೇಳ್ಬಿಡ್ತೀನಿ” ಎಂದು ಫೋನ್ ತೆಗೆದಳು.

ಇಷ್ಟರಲ್ಲಿ ಪುಟ್ಟಿ ಕೆಂಪಗಾಗಿದ್ದಳು. ಅತ್ತೆ ನನ್ನ ಕಡೆ ತಿರುಗಿದರು.

“ಅಳಿಯಂದ್ರೇ, ಎಲ್ಲಿಗೆ ಬಂದಿತ್ತು?”

“ನಿಮಗೆ ಬುದ್ಧಿ ಇರ್ಲಿಲ್ಲ ಅನ್ನೋ ತನಕ.”

“ಹೂಂ. ಇರ್ಲಿಲ್ಲ. ಇದ್ದಿದ್ರೆ ಉಗುಳೋ ಕೆಲಸದವ್ರಿಗೆ ಕೊಡ್ತಿದ್ನಾ?”

“ಉಗುಳಿದ್ರೂ ಸಂಬಳ ಮನೆಗೇ ತರ್ತೀನಿ. ನೀವು ನಮ್ಮ ಟೀಗೆ ಏನೇನು ಹಾಕ್ತೀರಿ ಅಂತ ಇವಳಿಗೆ ಹೇಳ್ಲಾ?”

ಗುಳುಕ್, ಗುಳುಕ್.

ಹೆಂಡತಿ ಫೋನ್ ಹಿಡಿದ ಕೈ ಇಳಿಸದೆ ಹತ್ತಿರ ಬಂದಳು. ಪುಟ್ಟಿಯನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ನಮ್ಮನ್ನು ನೋಡಿದಳು. ಬೆರಳೆತ್ತಿ, ನಿಲ್ಲಿಸಿ ಎಂದು ಸನ್ನೆ ಮಾಡಿದಳು. ನಿಲ್ಲಿಸಿದೆವು. ಪುಟ್ಟಿ ಬಿಟ್ಟಳು. ಶುರು ಮಾಡಿ ಎಂದು ಸನ್ನೆ. ಶುರು ಮಾಡಿದೆವು. ಪುಟ್ಟಿ ಹಿಡಿದಳು. ಸಿಗ್ನಲ್ ಪರೀಕ್ಷೆ ಮಾಡಿದ ಹಾಗೆ ಹೀಗೆ ಮೂರು ಸಲ ಮಾಡಿಸಿದಳು.

“ಹಾಗಾದ್ರೆ ಬುಧವಾರಕ್ಕೆ ಮುಂಚಿನ ಹಾಲೆಲ್ಲ?”

“ಮೋರಿಗೆ” ಎಂದೆ.

“ಪೂರ್ತಿ ಅಲ್ಲ,” ಎಂದರು ಅತ್ತೆ. “ಸ್ವಲ್ಪ ನಿನ್ನ ಗಂಡಂಗೆ.”

ಹೆಂಡತಿ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬೈದಳು. ಅವಳಿಗೆ ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿಯೇ ಬೈದಳು. ಅಷ್ಟರಲ್ಲಿ ಬಾಟಲಿಯಲ್ಲಿ ಉಳಿದಿದ್ದದ್ದೂ ಮುಗಿಯಿತು.

ಮಾರ್ಚ್ 17, ಸೋಮವಾರ

ಹೋದಳು. ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ, “ವಿಷಯ ಸಾಕಷ್ಟು ಇದ್ಯಾ?” ಎಂದು ಕೇಳಿದಳು.

“ನೀನು ಬರೋವರೆಗೆ ಸಾಲತ್ತೆ, ಹೋಗು” ಎಂದರು ಅತ್ತೆ.

ಹಗಲಿನ ಬಾಟಲಿಗಳೆಲ್ಲ ಸರಾಗ. ಸಂಜೆಯದಕ್ಕೆ ವಿಷಯ ಸಿಗದೆ ಅತ್ತೆ ನನ್ನ ಕೂದಲಿನ ಬಗ್ಗೆ ಮಾತೆತ್ತಿದರು. ತಾಗಿತು. ಪೂರ್ತಿ ಕುಡಿದಳು.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಹೆಂಡತಿ ಆ ಕಡೆಯ ನಿಲ್ದಾಣದಿಂದ ಫೋನ್ ಮಾಡಿದಳು. ಗಾಡಿ ಹೊತ್ತಿಗೆ ಸರಿಯಾಗಿ ಸೇರಿತಂತೆ. ಪುಟ್ಟಿ ಎಷ್ಟು ಕುಡಿದಳೆಂದು ಹೇಳಿದೆ. ಇನ್ನೊಂದು ಸಲ ಹೇಳಿಸಿದಳು. ಆಮೇಲೆ, “ನಿಜ ತಾನೇ?” ಎಂದಳು. ನಿಜ ಎಂದೆ.

ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಪುಟ್ಟಿ ಎದ್ದಳು. ಬಾಟಲಿ ಮಾಡಿ, ಆರಿಸಿ, ಅವರು ಬಂದ ಮೇಲೆ ಶುರು ಮಾಡೋಣವೆಂದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ಪುಟ್ಟಿ ಕೈ ಚಾಚಿ ಬಾಟಲಿಯನ್ನು ಬಾಯಿಗೆ ಎಳೆದುಕೊಂಡಳು. ನಾನು ಚಕಾರ ಎತ್ತಿರಲಿಲ್ಲ. ಕಿಟಕಿಯ ಬಿಸಿಲು ನೋಡುತ್ತಾ ಕೊನೆಯ ಹನಿಯವರೆಗೆ ಕುಡಿದಳು.

ಇದನ್ನು ಅತ್ತೆಗೆ ಹೇಳಲಿಲ್ಲ. ಒಂದು ಸಲ ಆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಆಫೀಸಿನಲ್ಲೂ ಒಂದೇ ಲೋಟ ನೋಡಿ ನಾವು ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಮಧ್ಯಾಹ್ನದ ಬಾಟಲಿಗೆ ಕುಳಿತಾಗ ಅತ್ತೆ, “ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀನಿ” ಎಂದರು. ವಿಷಯ ತೆಗೆಯಲು ಆಡಿದ ಮಾತು ಎಂದುಕೊಂಡು, ಒಳ್ಳೆಯ ಆರಂಭ, ಮುಂದುವರಿಸಿ ಎಂದೆ.

“ತಮಾಷೆ ಅಲ್ಲ. ನನ್ನ ಮನೆ ಬಾಗಿಲು ಹಾಕಿ ಹದಿನೈದು ದಿನ ಆಯ್ತು. ಗಾಡಿ ಸಿಕ್ತು, ಮಗು ಕಲೀತು. ಇನ್ನು ನಾನ್ಯಾಕೆ?”

“ಮಗು ಎಲ್ಲಿ ಕಲೀತು? ಜಗಳ ಇಲ್ದೆ ಕುಡಿಯಲ್ಲ ಅವಳು.”

“ಗಂಡ ಹೆಂಡ್ತಿ ಆಡ್ಕೊಳ್ಳಿ. ಬೇರೆ ಮನೆಗಳಲ್ಲಿ ಅದಕ್ಕೆ ಅತ್ತೇನ ಕರೆಸ್ತಾರಾ?”

“ಅವಳು ಗಾಡೀಲಿದ್ದಾಗ? ಒಬ್ಬನೇ ಹೇಗೆ ಜಗಳ ಆಡ್ಲಿ ನಾನು?”

“ಆರು ವರ್ಷ ಒಬ್ರೇ ಕೂತಿದ್ರಲ್ಲ ಮೂಲೇಲಿ, ಪುಸ್ತಕ ಹಿಡ್ಕೊಂಡು.”

“ಅದಕ್ಕೇ ಹೇಳ್ತಿರೋದು.”

ಅವರು ಬಾಟಲಿಯನ್ನು ಸ್ವಲ್ಪ ಓರೆ ಮಾಡಿದರು. “ನನಗೆ ಈ ಮನೆ ನಲ್ಲಿ ಆಗಲ್ಲ,” ಎಂದರು. “ಸದ್ದು ಮಾಡತ್ತೆ.” ನಲ್ಲಿ ಇವತ್ತೇ ಸರಿ ಮಾಡಿಸುತ್ತೇನೆ ಎಂದೆ. ನಿಮ್ಮ ಟೀಯೂ ಆಗಲ್ಲ, ಬರೀ ನೀರು ಎಂದರು. ನೀವೇ ಮಾಡಿ ಎಂದೆ. ನನ್ನ ಗಿಡಗಳು ಒಣಗುತ್ತವೆ ಎಂದರು. ಗಿಡ ಇಲ್ಲಿಗೆ ತರೋಣ ಎಂದೆ. ಎಲ್ಲಿಡ್ತೀರಿ, ಕಿಟಕಿ ತುಂಬ ನಿಮ್ಮ ಪುಸ್ತಕ, ಎಂದರು. ಪುಸ್ತಕ ತೆಗೆಯುತ್ತೇನೆ ಎಂದೆ. ಯಾವಾಗ, ಎಂದರು.

ಬಾಟಲಿ ಖಾಲಿಯಾದದ್ದನ್ನು ಇಬ್ಬರೂ ನೋಡಿರಲಿಲ್ಲ. ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಕೋಣೆಯಲ್ಲಿ ಓಡಾಡತೊಡಗಿದರು. ನಾನು ಬಾಟಲಿ ಹಿಡಿದು ಅವರ ಹಿಂದೆಯೇ ನಡೆದೆ. ಮಗುವಿಗೆ ಎಚ್ಚರವಾಗದಂತೆ, ಪಿಸುಮಾತಿನಲ್ಲಿ, ಸಂಜೆ ಹೆಂಡತಿ ಬರುವವರೆಗೂ ಜಗಳ ಆಡಿದೆವು.